ಪರೀಕ್ಷೆಯ ಬಾಗಿಲ ಹೊರಗೆ ನಿಂತವಳು

ಮೊನ್ನೆ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನನ್ನ ಮೊಮ್ಮಗಳು ಗೌರಿ ಒಳಗೆ ಬಂದು ಕಾಲಿಗೆ ಬಿದ್ದಳು. ಅವಳನ್ನು ನರಸೀಪುರದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಹಾಕಿದ್ದಾರಂತೆ. ನಾನು ಪಾಠ ಹೇಳಿ, ವಯಸ್ಸಾಗಿ ಕೆಲಸ ಬಿಟ್ಟು ಹೊರಬಂದೆನಲ್ಲ, ಅದೇ ಶಾಲೆಗೆ. ನನಗಾದ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ, ಹೇಳಿ. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯಿತು, ಅದನ್ನೂ ಶುಭವೆಂದೇ ತಿಳಿದುಕೊಂಡೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೈಗೆ ಬೆಲ್ಲ ಹಾಕಿದೆ. ಎದುರುಮನೆಯ ಮುದುಕರು ಹಲ್ಲಿಲ್ಲದ ಬಾಯಲ್ಲಿ ಬೆಲ್ಲ ಚೀಪುತ್ತ, ಯಾರಿಗಮ್ಮ ಗಂಡುಮಗು ಆಗಿದ್ದು ಎಂದು ಕೇಳಿದರು. ಗಂಡುಮಗುವಿಗಿಂತ ದೊಡ್ಡದು ಕಣಪ್ಪ ಎಂದೆ. ಆ ಸಂತೋಷ ಇನ್ನೂ ಇಳಿದಿಲ್ಲ. ಈ ಸಾಲು ಬರೆಯುವಾಗಲೂ ಕೈ ಕುಣಿಯುತ್ತಿದೆ.

ಮರುದಿನ ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತ ಕೂತಿದ್ದ ಗೌರಿ ಮೆಲ್ಲಗೆ ಕೇಳಿದಳು: “ಅಜ್ಜೀ, ಶಾಲೆ ನೋಡೋಕೆ ಇನ್‌ಸ್ಪೆಕ್ಟರು ಬಂದಾಗ ನಿಂಗೆ ಭಯ ಆಗ್ತಿತ್ತಾ?”

“ಆಗ್ತಿತ್ತು ಕಣವ್ವ. ಕೊನೇ ದಿನದವರೆಗೂ ಆಗ್ತಿತ್ತು” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವಳ ಕತ್ತಿನ ಹಿಂದೆ ರೋಮ ನಿಂತಿದ್ದನ್ನು ನೋಡಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಗೌರಿಯಂತೆ ಹೊಸದಾಗಿ ಈ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಯಾರಾದರೂ ಓದಿದರೆ ಓದಲಿ.

ನಾನು ಹೆಚ್ಚು ಓದಿದವಳಲ್ಲ. ನಮ್ಮಪ್ಪ ಹದಿನಾರು ಎಂಬ ಊರಿನಲ್ಲಿ ಕೂಲಿಮಠ ನಡೆಸುತ್ತಿದ್ದ ಅಯ್ಯನವರು. ಗಂಡುಹುಡುಗರು ಮರಳಿನ ಮೇಲೆ ಅಕ್ಷರ ತಿದ್ದುವಾಗ ನಾನೂ ಒಂದು ಮೂಲೆಯಲ್ಲಿ ತಿದ್ದಿದೆ. ಆಮೇಲೆ ಸರ್ಕಾರಿ ಶಾಲೆಯ ಮೂರನೇ ತರಗತಿಗೆ ಬರುವಷ್ಟರಲ್ಲಿ ಮದುವೆ. ನನ್ನ ಯಜಮಾನರಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗಿ ಮನೆ ನಡೆಯುವುದು ಕಷ್ಟವಾದಾಗ, ನಂಜನಗೂಡಿನ ಹೆಣ್ಣುಮಕ್ಕಳ ಶಾಲೆಗೆ ಹೆಂಗಸೇ ಬೇಕೆಂದು ಹುಡುಕುತ್ತಿದ್ದರು. ಓದು ಬಲ್ಲ ಹೆಂಗಸರು ಸಿಕ್ಕುತ್ತಿರಲಿಲ್ಲ. ಹೀಗೆ ಸೇರಿದೆ. ಎಲ್ಲರೂ ನನ್ನನ್ನು ಮೇಷ್ಟ್ರಮ್ಮ ಎಂದರು. ನನಗೆ ಮಾತ್ರ, ನನಗಿಂತ ಹೆಚ್ಚು ಬಲ್ಲವರು ಯಾರೋ ಬಂದು ಎದ್ದೇಳು ಎನ್ನುತ್ತಾರೆ ಎಂಬ ದಿಗಿಲು ವರ್ಷಗಟ್ಟಲೆ ಹೋಗಲಿಲ್ಲ.

ನರಸೀಪುರದ ಮಾತು ಮೊದಲು ಹೇಳಿಬಿಡುತ್ತೇನೆ, ಗೌರಿ ಹೋಗುವುದು ಅಲ್ಲಿಗೇ ಆದ್ದರಿಂದ. ನಾನು ಅಲ್ಲಿಗೆ ವರ್ಗವಾದ ಹೊಸತರಲ್ಲಿ ಬಾಯಿಪರೀಕ್ಷೆಯ ಜೊತೆಗೆ ಕಾಗದದ ಮೇಲೆ ಬರೆಯುವ ಪರೀಕ್ಷೆಯೂ ಬಂತು. ಅಚ್ಚಾದ ಒಂದು ಹಾಳೆ ಕೊಡುವರು. ಮೇಲೆ ಒಂದು ಚಿಕ್ಕ ಕಥೆ, ಕೆಳಗೆ ನಾಲ್ಕು ಪ್ರಶ್ನೆ. ಅಲ್ಲಿಯವರೆಗೆ ನಾವು ಕಲಿಸುತ್ತಿದ್ದ ಬರವಣಿಗೆ ಯಾವುದು? ಕಾಪಿ ಬರೆಯುವುದು. ಮೇಲೊಂದು ಸಾಲು, ಅದರ ಕೆಳಗೆ ಅದೇ ಸಾಲು, ಮುತ್ತು ಪೋಣಿಸಿದ ಹಾಗೆ. ನನ್ನ ತರಗತಿಯ ಜಾಣೆ ಒಬ್ಬಳು ಆ ಹಾಳೆ ತೆಗೆದುಕೊಂಡು, ಬೆಳಗಿನಿಂದ ಗಂಟೆ ಹೊಡೆಯುವ ತನಕ ತಲೆ ಎತ್ತದೆ ಬರೆದಳು. ನಾನು ಕಿಟಕಿಯಿಂದ ನೋಡಿ ಹಿಗ್ಗಿದೆ. ಆಮೇಲೆ ನೋಡಿದರೆ ಕಥೆಯನ್ನೂ ನಾಲ್ಕು ಪ್ರಶ್ನೆಯನ್ನೂ ಒಂದು ತಪ್ಪಿಲ್ಲದೆ ಹಾಗೆಯೇ ಇಳಿಸಿದ್ದಳು. ಉತ್ತರ ಒಂದೂ ಇಲ್ಲ. ಯಾಕವ್ವ ಹೀಗೆ ಮಾಡಿದೆ ಎಂದರೆ, “ಮ್ಯಾಲೆ ಇದ್ದುದ್ದ ಕೆಳೀಕೆ ಬರೀಬೇಕಲ್ವಾ ಮೇಷ್ಟ್ರಮ್ಮ” ಎಂದಳು. ಅವಳು ನಾವು ಕಲಿಸಿದ್ದನ್ನೇ ಮಾಡಿದ್ದಳು.

ಅಂದಿನಿಂದ ನಾನು ಪ್ರಶ್ನೆಯನ್ನು ಮೊದಲು ಓದಿಸಿ, ಆಮೇಲೆ ಕಥೆ ಓದಿಸತೊಡಗಿದೆ. ಏನು ಕೇಳಿದ್ದಾರೆ ಎಂದು ತಿಳಿದ ಮೇಲೆ ಕಣ್ಣು ತಾನಾಗಿ ಅದನ್ನು ಹುಡುಕುತ್ತದೆ, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕುವ ಹಾಗೆ. ಗೊತ್ತಿರುವ ಪ್ರಶ್ನೆಯನ್ನು ಮೊದಲು ಬರೆದುಬಿಡಬೇಕು. ಗೊತ್ತಿಲ್ಲದ್ದರ ಮುಂದೆ ಕೂತು ಅಳಬಾರದು. ಬರೀ ಹೊಟ್ಟೆಯಲ್ಲಿ ಮಗುವನ್ನು ಪರೀಕ್ಷೆಗೆ ಕಳಿಸಬಾರದು. ಒಂದು ಮುದ್ದೆ ಹೊಟ್ಟೆಗೆ ಬಿದ್ದರೆ ಅರ್ಧ ಭಯ ಇಳಿಯುತ್ತದೆ. ಇದಿಷ್ಟು ಗೌರಿಗೆ ಬಾಯಲ್ಲೇ ಹೇಳಿದ್ದೇನೆ. ಆದರೆ ನಂಜನಗೂಡಿನಲ್ಲಿ ನಡೆದದ್ದನ್ನು ಹೇಳಿರಲಿಲ್ಲ.

ಪ್ಲೇಗು ಬಂದು ಊರು ಖಾಲಿಯಾಗಿ, ಜನ ಊರ ಹೊರಗೆ ಹಾಕಿಕೊಂಡಿದ್ದ ಗುಡಿಸಲುಗಳಿಂದ ಮತ್ತೆ ಮನೆಗಳಿಗೆ ಬಂದ ಕಾಲ ಅದು. ನಮ್ಮ ಶಾಲೆ ಹೊಳೆಯ ಕಡೆಯ ಬೀದಿಯಲ್ಲಿ ಒಂದು ಬಾಡಿಗೆ ಮನೆಯ ಪಡಸಾಲೆ. ಒಳಗೆ ಒಂದು ಕೋಣೆ, ಹೊರಗೆ ಜಗಲಿ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಮೈಸೂರಿನಿಂದ ರೈಲಿನಲ್ಲಿ ಬಂದು, ಜಟಕಾದಲ್ಲಿ ನಮ್ಮ ಬೀದಿಗೆ ಇಳಿಯುತ್ತಿದ್ದರು. ಕುದುರೆಯ ಗೊರಸಿನ ಸದ್ದು ಮೂಲೆ ತಿರುಗಿತೆಂದರೆ ನಾನು ಮಕ್ಕಳ ಸಾಲನ್ನು ಮತ್ತೊಮ್ಮೆ ನೇರ ಮಾಡುತ್ತಿದ್ದೆ. ಅವರು ಗದರುವವರಲ್ಲ, ಅದೇ ಹೆಚ್ಚು ಭಯ. ಕೇಳುವರು, ಕೇಳಿಸಿಕೊಳ್ಳುವರು, ಬರೆದುಕೊಳ್ಳುವರು, ಹೋಗುವರು.

ಮೊದಲ ಸಲ ಬಂದಾಗ ನಮ್ಮ ಹುಡುಗಿಯರು ಹಡಗಿನ ಪಾಠವನ್ನು ಗಳಗಳನೆ ಓದಿದರು. ಓದುವುದೇನು, ಎಲ್ಲರಿಗೂ ಬಾಯಿಪಾಠ. ಹಡಗಿನಲ್ಲಿ ಐನೂರು ಜನ ಪ್ರಯಾಣ ಮಾಡುತ್ತಾರೆ ಎಂದು ಪಾಠದಲ್ಲಿತ್ತು. ಸಾಹೇಬರು ಪುಸ್ತಕ ಮುಚ್ಚಿಸಿ, ಹಡಗು ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರು. ರುದ್ರಿ ಎಂಬ ಹುಡುಗಿ ಹರಿಗೋಲಿನಷ್ಟು ಎಂದಳು. ಹೊಳೆ ದಾಟುವ ಹರಿಗೋಲು ಬಿಟ್ಟು ಅವಳು ಬೇರೇನು ಕಂಡಿದ್ದಾಳೆ? ಹರಿಗೋಲಿನಲ್ಲಿ ಐನೂರು ಜನ ಹಿಡಿಸುತ್ತಾರಾ ಎಂದರು ಸಾಹೇಬರು.

“ಒಂದೇ ಸಲಕ್ಕಲ್ಲ ಸಾ. ಅಂಬಿಗ ಒಂದಷ್ಟು ಜನುನ್ನ ಬುಟ್ಟು ಬುಟ್ಟು ಬತ್ತಾನೆ” ಎಂದಳು.

ಸಾಹೇಬರು ನಗಲಿಲ್ಲ. ಬರೆದುಕೊಂಡರು. ಹೊರಡುವಾಗ ಜಗಲಿಯ ಮೇಲೆ ನಿಂತು, ಮೆಲುದನಿಯಲ್ಲೇ ನನಗೆ ಹೇಳಿದರು: “ಮಕ್ಕಳು ಗಿಣಿಗಳಂತೆ ಒಪ್ಪಿಸುತ್ತಾರೆ, ಓದಿದ್ದು ತಿಳಿದಿಲ್ಲ. ಮುಂದಿನ ವರ್ಷ ನನ್ನ ಕೈಯಲ್ಲಿರುವ ಪುಸ್ತಕದಿಂದ, ಇವರು ಕಾಣದ ಪಾಠ ಓದಿಸುತ್ತೇನೆ. ಮೇಲಿನ ತರಗತಿಯಲ್ಲಿ ಇಬ್ಬರಾದರೂ ತೇರ್ಗಡೆಯಾಗದಿದ್ದರೆ ಈ ಶಾಲೆಯನ್ನು ಮುಚ್ಚಬೇಕೆಂದು ಮೇಲಕ್ಕೆ ಬರೆಯದೆ ನನಗೆ ಬೇರೆ ದಾರಿ ಇಲ್ಲ.”

ಗಂಡುಮಕ್ಕಳ ಶಾಲೆಯ ಹೆಡ್ ಮೇಷ್ಟ್ರು ಶಾಮಣ್ಣನವರು ನನ್ನ ಮೇಲೆ ಉಸ್ತುವಾರಿ ಇದ್ದವರು. ಅವರೂ ಅದನ್ನೇ ಅಂದರು. ಮುಚ್ಚಿದರೆ ಈ ಹುಡುಗಿಯರನ್ನು ಗಂಡುಮಕ್ಕಳ ಜೊತೆ ಕೂರಿಸಲು ಯಾವ ಮನೆಯವರೂ ಕಳಿಸುವುದಿಲ್ಲ, ಅಲ್ಲಿಗೆ ಈ ಊರಿನ ಹೆಣ್ಣುಮಕ್ಕಳ ಓದು ಮುಗಿಯಿತು ಎಂದರು. ನನಗೆ ಗೊತ್ತಿದ್ದ ಮಾತೇ.

ಕಾಣದ ಪಾಠಕ್ಕೆ ನಾನು ಎಲ್ಲಿಗೆ ಹೋಗಲಿ? ಶಾಲೆಯಲ್ಲಿದ್ದದ್ದು ಒಂದೇ ಪುಸ್ತಕ, ಅದು ಮಕ್ಕಳಿಗೆಲ್ಲ ಕಂಠಪಾಠ. ಕೊನೆಗೆ ಅಂಗಡಿಯಿಂದ ಸಾಮಾನು ಕಟ್ಟಿಕೊಂಡು ಬರುವ ಕಾಗದ ಹಿಡಿದೆ. ಇಂಗು, ಮೆಣಸು, ಊದುಬತ್ತಿ ಕಟ್ಟಿದ ಹಳೆಯ ಪತ್ರಿಕೆ, ಹರಿದ ಪುಸ್ತಕದ ಹಾಳೆ, ಏನಿದ್ದರೂ ತನ್ನಿ ಎಂದು ಮಕ್ಕಳಿಗೆ ಹೇಳಿದೆ. ತಂದ ಹಾಳೆಯನ್ನು ಮನಸ್ಸಿನಲ್ಲೇ ಓದಿಕೊಂಡು, ಮಡಿಸಿಟ್ಟು, ತಮ್ಮ ಮಾತಿನಲ್ಲಿ ಹೇಳಬೇಕು. ಕಾಗದ ನಡುವೆ ಹರಿದಿದ್ದರೆ ಮುಂದೇನಾಗಿರಬಹುದು ಎಂದು ಊಹಿಸಬೇಕು. ನನಗೇ ತಿಳಿಯದ ಪದ ಬಂದಾಗ ಸೆರಗು ಹೊದ್ದು ಶಾಮಣ್ಣ ಮೇಷ್ಟ್ರ ಬಾಗಿಲಿಗೆ ಹೋಗುತ್ತಿದ್ದೆ. ಅವರು ಹಾಳೆ ಮೂಸಿ, “ಏನಮ್ಮಾ, ನಿಮ್ಮ ಶಾಲೆಗೆ ಇಂಗಿನ ಪೊಟ್ಟಣವೇ ಪಠ್ಯಪುಸ್ತಕವೋ?” ಎನ್ನುವರು. ಆದರೂ ಅರ್ಥ ಹೇಳಿಕೊಡುವರು.

ಮೇಲಿನ ತರಗತಿಯಲ್ಲಿ ಮೂವರಿದ್ದರು. ಪ್ಲೇಗಿನ ಸುದ್ದಿ ಮತ್ತೆ ಹಬ್ಬಿದಾಗ ಒಬ್ಬಳ ಮನೆಯವರು ಊರು ಬಿಟ್ಟು ಹೋದರು. ಉಳಿದವರು ಇಬ್ಬರೇ, ಹರಿಗೋಲಿನ ರುದ್ರಿ ಮತ್ತು ದೇವೀರಿ. ಇಬ್ಬರೂ ತಪ್ಪದೆ ತೇರ್ಗಡೆಯಾಗಬೇಕು. ಒಬ್ಬಳು ಎಡವಿದರೂ ಶಾಲೆ ಹೋಯಿತು.

ದೇವೀರಿಗೆ ತಾಯಿ ಇಲ್ಲ. ಸೋದರತ್ತೆ ಚೆನ್ನಮ್ಮನ ಮಗನಿಗೇ ಅವಳನ್ನು ಚಿಕ್ಕಂದಿನಲ್ಲಿ ಧಾರೆ ಎರೆದಿದ್ದರು. ಆ ಹುಡುಗ ನರಸೀಪುರದಲ್ಲಿ ನೆಂಟರ ಅಂಗಡಿಯಲ್ಲಿ ವ್ಯಾಪಾರ ಕಲಿಯುತ್ತಿದ್ದ. ಇವಳು ಇಲ್ಲಿ ಅತ್ತೆಯ ಮನೆಯಲ್ಲಿ. ಚೆನ್ನಮ್ಮನಿಗೆ ಸೊಸೆ ಓದುವುದು ಎಳ್ಳಷ್ಟೂ ಇಷ್ಟವಿಲ್ಲ. ನಾನು ಹೋಗಿ ಕೈಮುಗಿದು ಕೇಳಿಕೊಂಡಿದ್ದಕ್ಕೆ, ಪರೀಕ್ಷೆ ಆಗುವ ತನಕ ಕಳಿಸುತ್ತೇನೆ, ಆಮೇಲೆ ಕೇಳಬೇಡಿ ಎಂದಿದ್ದರು. ಪೊಟ್ಟಣದ ಪಾಠ ಶುರುವಾದ ಮೇಲೆ ನನ್ನನ್ನು ಹೊಳೆಯ ಹತ್ತಿರ ಹಿಡಿದು ನಿಲ್ಲಿಸಿದರು.

“ಏನ್ ಮೇಷ್ಟ್ರಮ್ಮ, ನಿಮ್ದು ಯಾವ ಸೀಮೆ ಪಾಟ? ಒಲೆ ಮ್ಯಾಲೆ ಸಾರು ಕುದೀತಾ ಅದೆ, ಮೆಣಸು ತತ್ತಾ ಅಂದ್ರೆ ಇವ್ಳು ಮೆಣಸ ನೆಲಕ್ಕೆ ಸುರ್ದು ಕಾಗ್ದ ಓದ್ತಾ ನಿಂತವ್ಳೆ.”

ತಪ್ಪಾಯಿತು, ಇನ್ನು ಸ್ವಲ್ಪ ದಿನ ಎಂದೆ. ಅವರು ಅಂದೇ ಶಾಲೆ ಬಿಡಿಸಿಬಿಟ್ಟರೆ ಎಂದು ಹೆದರಿದೆ. ಆ ವರ್ಷವೆಲ್ಲ ಹೀಗೇ. ಬೆಳಗ್ಗೆ ಎದ್ದರೆ ದೇವೀರಿ ಬರುತ್ತಾಳೋ ಇಲ್ಲವೋ ಎಂಬ ಭಯ. ಅವಳ ತಲೆ ಬೀದಿಯ ತಿರುವಿನಲ್ಲಿ ಕಂಡ ಮೇಲೆಯೇ ನಾನು ಗಂಟೆ ಹೊಡೆಯುತ್ತಿದ್ದದ್ದು.

ಪರೀಕ್ಷೆಯ ದಿನ ಬಂತು. ಸಾಹೇಬರು ಒಳಗಿನ ಕೋಣೆಯಲ್ಲಿ, ತಾಲ್ಲೂಕು ಕಚೇರಿಯಿಂದ ತರಿಸಿದ ಕುರ್ಚಿಯ ಮೇಲೆ ಕೂತರು. ಹೇಳಿಕೊಟ್ಟವರು ಒಳಗಿರಬಾರದೆಂದು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಚೆನ್ನಮ್ಮ ಸೊಸೆಯ ಜೊತೆಗೇ ಬಂದು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು, ಗಂಡಸೊಬ್ಬರೇ ಇರುವ ಕೋಣೆಗೆ ಒಬ್ಬಳನ್ನೇ ಹೇಗೆ ಕಳಿಸುವುದು ಎಂದು. ನಾನು ಕಂಬ ಹಿಡಿದು ನಿಂತೆ.

ಮೊದಲು ರುದ್ರಿ ಹೋದಳು. ನಗುತ್ತಲೇ ಹೊರಬಂದಳು. ಆಮೇಲೆ ದೇವೀರಿ.

ಅವಳ ದನಿ ಬಾಗಿಲ ಹಿಂದೆ ಗುಯ್ ಎಂದು ಕೇಳಿತು. ಮಾತು ಬಿಡಿಸುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೇ ನಿಂತಿತು. ಸಾಹೇಬರು ಏನೋ ಅಂದರು. ದನಿ ಮತ್ತೆ ಶುರುವಾಗಿ, ಮತ್ತೆ ನಿಂತಿತು. ಆಮೇಲೆ ಏನೂ ಇಲ್ಲ. ಗೋಡೆಯಾಚೆ ಕುದುರೆ ಹುಲ್ಲು ಅಗಿಯುವ ಸದ್ದು ಕೇಳುವಷ್ಟು ನಿಶ್ಶಬ್ದ. ಓದವ್ವ, ಓದವ್ವ ಎಂದು ಮನಸ್ಸಿನೊಳಗೇ ಅನ್ನುತ್ತಿದ್ದೆ. ನಂಜುಂಡೇಶ್ವರನಿಗೆ ಏನೇನು ಹರಸಿಕೊಂಡೆನೋ ನೆನಪಿಲ್ಲ.

ಬಾಗಿಲು ತೆರೆಯಿತು. ಸಾಹೇಬರು ಪುಸ್ತಕ ಹಿಡಿದು ಹೊರಗೆ ಬಂದರು. ಹಿಂದೆ ದೇವೀರಿ, ತಲೆ ಬಗ್ಗಿಸಿ, ತುಟಿ ಬಿಗಿದುಕೊಂಡು.

“ಈ ಹುಡುಗಿ ಎರಡನೇ ಸಾಲು ದಾಟುವುದಿಲ್ಲ. ಸಾಕಷ್ಟು ಅವಕಾಶ ಕೊಟ್ಟೆ” ಎಂದರು.

ಏನಾಯಿತು ಮಗಾ ಎಂದು ಕೇಳಿದೆ. ದೇವೀರಿ ಅತ್ತೆಯ ಕಡೆ ಒಮ್ಮೆ ಕಣ್ಣೆತ್ತಿ ಮತ್ತೆ ತಗ್ಗಿಸಿದಳು. ಹೆದರಿ ನಾಲಗೆ ಕಟ್ಟಿದೆ ಎಂದುಕೊಂಡೆ. ಸಾಹೇಬರು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಇದರಲ್ಲಿ ಕಷ್ಟದ ಪದ ಯಾವುದಿದೆ, ನೀವೇ ಓದಿ ನೋಡಿ ಎಂದರು. ನನ್ನ ಕಣ್ಣಿಗೆ ಅಕ್ಷರಗಳು ಓಡಾಡುತ್ತಿದ್ದವು. ಬೆರಳಿಟ್ಟು ಓದಿದೆ: “ಒಂದು ಹಳ್ಳಿಯಲ್ಲಿ ಒಬ್ಬ ರೈತನಿದ್ದನು. ಅವನ ಹೆಸರು ಬಸವಯ್ಯ.”

ನನ್ನ ಹಿಂದೆ ಎಲೆಅಡಿಕೆ ಅಗಿಯುವ ಸದ್ದು ನಿಂತಿತು.

“ಬುದ್ಧೀ,” ಎಂದು ಚೆನ್ನಮ್ಮ ಎದ್ದು ನಿಂತರು. “ಅದು ನನ್ ಮಗನ ಎಸ್ರು. ಕಟ್ಕಂಡ ಗಂಡನ್ ಎಸ್ರ ಅವ್ಳು ಎಂಗೆ ಏಳಾಳು?”

ಇದು ಪುಸ್ತಕದ ಬಸವಯ್ಯ, ನಿಮ್ಮ ಮಗನಲ್ಲ ಎಂದರು ಸಾಹೇಬರು.

“ಯಾರಾದ್ರೇನು, ಎಸ್ರು ಒಂದೇ ಅಲ್ವಾ. ಅವ್ಳೇನಾರ ಬಾಯ್ಬುಟ್ಟು ಏಳಿದ್ರೆ ಈಗ್ಲೇ ಕೈ ಇಡ್ಕಂಡು ಮನೆಗೆ ಕರ್ಕೊಂಡೋಯ್ತಿದ್ದೆ.”

ಆಗ ನನಗೆ ತಿಳಿಯಿತು, ಆ ಮಗು ಒಳಗೆ ಎಂಥ ಕತ್ತರಿಯಲ್ಲಿ ಸಿಕ್ಕಿತ್ತು ಎಂದು. ಹೆಸರು ಹೇಳಿದರೆ ಅತ್ತೆ ಓದು ಬಿಡಿಸುತ್ತಾರೆ. ಹೇಳದಿದ್ದರೆ ಶಾಲೆಯೇ ಮುಚ್ಚುತ್ತದೆ. ನಾನೇ ನನ್ನ ಯಜಮಾನರ ಹೆಸರನ್ನು ಅಂದಿಗೂ ಹೇಳಿದವಳಲ್ಲ, ಇಂದಿಗೂ ಹೇಳಿದವಳಲ್ಲ. ಸಂಬಳದ ಕಾಗದಕ್ಕೆ ಗಂಡನ ಹೆಸರು ಕೇಳಿದಾಗ ಶಾಮಣ್ಣ ಮೇಷ್ಟ್ರೇ ಬರೆದಿದ್ದರು.

ಸಾಹೇಬರು ಪರೀಕ್ಷೆಯ ನಿಯಮದಲ್ಲಿ ಗಟ್ಟಿಯಾಗಿ ಓದಬೇಕೆಂದಿದೆ ಎಂದರು. ಚೆನ್ನಮ್ಮ ಸೆರಗು ಸರಿಮಾಡಿಕೊಂಡು, “ತಮ್ ಮನೇಲಿ ಅಮ್ಮಾವ್ರು ತಮ್ ಎಸ್ರ ಕರೀತಾರಾ ಬುದ್ಧಿ?” ಎಂದು ಕೇಳಿದರು. ಬೀದಿಯಲ್ಲಿ ಜಟಕಾದವನು ಕಿಸಕ್ಕೆಂದು ನಕ್ಕು, ಕುದುರೆಯ ಹಿಂದೆ ಮುಖ ಮರೆಸಿಕೊಂಡ. ನಾನು ಕಣ್ಣು ಮುಚ್ಚಿದೆ. ಶಾಲೆ ಈ ಮಾತಿಗೇ ಹೋಯಿತು ಎಂದುಕೊಂಡೆ.

ಸಾಹೇಬರು ರುಮಾಲು ಸರಿಮಾಡಿಕೊಂಡರು. ಆಮೇಲೆ ದೇವೀರಿಗೆ, ಒಳಗೆ ಬಾ, ಪಾಠವನ್ನು ಪೂರ್ತಿ ಮನಸ್ಸಿನಲ್ಲೇ ಓದಿಕೋ, ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು ಎಂದರು. ಈ ಸಲ ಬಾಗಿಲು ಹಾಕಿಸಲಿಲ್ಲ.

ದೇವೀರಿ ಓದಿಕೊಂಡು ಪುಸ್ತಕ ಮುಚ್ಚಿಟ್ಟಳು. ಒಬ್ಬರು ರೈತರಿದ್ದರಂತೆ, ಅವರ ಎತ್ತು ಹಗ್ಗ ಬಿಚ್ಚಿಕೊಂಡು ಕಾಣೆಯಾಯಿತಂತೆ ಎಂದು ಶುರುಮಾಡಿದಳು. ಮೊದಮೊದಲು ದನಿ ಸಣ್ಣಗಿತ್ತು, ಆಮೇಲೆ ನೀರು ಹರಿದ ಹಾಗೆ ಬಂತು. ಎತ್ತು ಯಾರದು ಎಂದು ಸಾಹೇಬರು ನಡುವೆ ಕೇಳಿಯೇ ಬಿಟ್ಟರು.

“ನಮ್ಮತ್ತೆ ಮಗನ ಎಸ್ರಿನೋರ್ದು ಸಾ” ಎಂದಳು ದೇವೀರಿ.

ಜಗಲಿಯ ಮೇಲೆ ಚೆನ್ನಮ್ಮ, ಸರಿಯಾಗಿದೆ ಎನ್ನುವಂತೆ ತಲೆದೂಗಿದರು. ಸಾಹೇಬರ ಮೀಸೆ ಅಲುಗಿತು, ನಕ್ಕರೋ ಇಲ್ಲವೋ ತಿಳಿಯಲಿಲ್ಲ. ದೇವೀರಿ ಮುಂದುವರಿಸಿದಳು. ರೈತ ಹಳ್ಳಿ ಹಳ್ಳಿ ಹುಡುಕುತ್ತ, ಸೋತು, ಹೊತ್ತು ಮುಳುಗುವಾಗ ಒಂದು ಊರ ಮುಂದಕ್ಕೆ ಬಂದು ನಿಂತ ಎನ್ನುವಷ್ಟರಲ್ಲಿ ಜಟಕಾದವನು ರೈಲಿಗೆ ಹೊತ್ತಾಯಿತೆಂದು ಕೂಗಿದ. ಸಾಹೇಬರು ಸಾಕು ಎಂದು ತಡೆದರು. ಬೇರೆ ಯಾವುದೋ ಪುಟದಿಂದ ಮಳೆಯ ವಿಷಯ ಎರಡು ಸಾಲು ಗಟ್ಟಿಯಾಗಿ ಓದಿಸಿದರು. ಬರೆದುಕೊಂಡರು. ಆಯಿತು ಎಂದಾಗಲಿ ಇಲ್ಲ ಎಂದಾಗಲಿ ಒಂದು ಮಾತೂ ಆಡದೆ ಜಟಕಾ ಹತ್ತಿದರು.

ಆಮೇಲಿನ ದಿನಗಳನ್ನು ಈಗಲೂ ಮರೆತಿಲ್ಲ. ಸಾಹೇಬರು ನ್ಯಾಯವಂತರಿರಬಹುದು, ಆದರೆ ಅವರ ಮೇಲೂ ಒಬ್ಬರಿದ್ದಾರೆ. ಪಾಠವನ್ನು ಗಟ್ಟಿಯಾಗಿ ಯಾಕೆ ಓದಿಸಲಿಲ್ಲ ಎಂದು ಆ ಮೇಲಿನವರು ಕೇಳಿದರೆ? ಟಪಾಲಿನವನು ಬೀದಿಗೆ ಬಂದರೆ ನಾನು ಒಳಗೆ ಹೋಗಿ ನಿಲ್ಲುತ್ತಿದ್ದೆ. ಅವನು ಮುಂದಿನ ಮನೆಗೆ ಹೋದರೆ ಒಂದು ಭಯ, ನಮ್ಮ ಜಗಲಿ ಹತ್ತಿದರೆ ಇನ್ನೊಂದು. ದೇವೀರಿ ಮನೆಯಲ್ಲಿ ಕೆಲಸವಿಲ್ಲದ ದಿನ ಬರುತ್ತಿದ್ದಳು, ಇದ್ದ ದಿನ ಇಲ್ಲ. ಚೆನ್ನಮ್ಮ ಕೊಟ್ಟ ಮಾತಿನ ಗಡುವು ಮುಗಿದಿತ್ತು, ನಾನು ಕೇಳುವಂತಿರಲಿಲ್ಲ.

ಕೊನೆಗೆ ಒಂದು ಕಟ್ಟು ಬಂತು. ಶಾಮಣ್ಣ ಮೇಷ್ಟ್ರು ತಾವೇ ಹಿಡಿದು ತಂದರು. ನನ್ನ ಕೈಯಲ್ಲಿ ದಾರ ಬಿಚ್ಚಲಾಗದೆ ಅವರೇ ಬಿಚ್ಚಿದರು. ಮೇಲೊಂದು ಹುಕುಂ, ಕೆಳಗೆ ಹೊಸ ಓದುವ ಪುಸ್ತಕಗಳು, ಸಾಹೇಬರ ಕೈಯಲ್ಲಿದ್ದಂಥವೇ. ಇಬ್ಬರೂ ತೇರ್ಗಡೆ, ಶಾಲೆಯನ್ನು ಮುಂದುವರಿಸುವುದು, ಇನ್ನು ಮುಂದೆ ಈ ಪುಸ್ತಕದಿಂದ ಕಲಿಸುವುದು ಎಂದು ಓದಿ ಹೇಳಿದರು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಇಂಗಿನ ವಾಸನೆಗೆ ಜಯವಾಯಿತು ಕಣಮ್ಮ ಎಂದು ಶಾಮಣ್ಣನವರು ನಕ್ಕರು.

ಅವರು ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಚೆನ್ನಮ್ಮ. ಅಂದು ದೇವೀರಿ ತರಗತಿಯಲ್ಲಿದ್ದಳು. ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಶಾಲೆ ಉಳಿದು ಈ ಮಗು ಹೋದರೆ ಹೇಗೆ ಎಂದುಕೊಂಡೆ. ಅವರು ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತು, ಅತ್ತಿತ್ತ ನೋಡಿ, ಕೇಳಬಾರದ್ದನ್ನು ಕೇಳುವವರ ಹಾಗೆ ದನಿ ತಗ್ಗಿಸಿದರು.

“ಮೇಷ್ಟ್ರಮ್ಮ, ಆವತ್ನಿಂದ ಕೇಳ್ಬೇಕು ಅಂತಿದ್ದೆ. ಆ ಎತ್ತು ಸಿಕ್ತಾ?”

ನನಗೂ ಗೊತ್ತಿಲ್ಲ, ನಾನೂ ನಿಮ್ಮ ಜೊತೆ ಹೊರಗೇ ಇದ್ದೆನಲ್ಲ ಎಂದೆ. ಪೂರ್ತಿ ಓದಿದವಳು ನಿಮ್ಮ ಸೊಸೆ, ಅವಳನ್ನು ಕೇಳಲಿಲ್ಲವೇ ಎಂದೆ.

“ಅವ್ಳ ಕೇಳುದ್ರೆ ನನ್ ತಲೆ ಮ್ಯಾಲೆ ಕುಂತ್ಕತಾಳೆ.”

ದೇವೀರಿಯನ್ನು ಕರೆದು, ಕಟ್ಟಿನಿಂದ ಒಂದು ಹೊಸ ಪುಸ್ತಕ ತೆಗೆದು, ಆ ಪಾಠ ಹುಡುಕಿಕೊಟ್ಟೆ. ಅವಳು ನಿಂತು ಮೊದಲನೆಯ ಸಾಲು ಓದಿದಳು. ಎರಡನೆಯ ಸಾಲಿನಲ್ಲಿ ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಚೆನ್ನಮ್ಮ ಕೈಯೆತ್ತಿದರು.

“ನೀ ಓದ್ಕಂಡು ಓಗವ್ವ. ಅದು ಬಂದ ಕಡೆ ನಾನ್ ಏಳ್ತೀನಿ.”

ಹಾಗೆಯೇ ಓದಿದರು, ಅತ್ತೆಯೂ ಸೊಸೆಯೂ. ಆ ಪಾಠದಲ್ಲಿ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಬಂದ ಕಡೆಯೆಲ್ಲ ದೇವೀರಿ ನಿಲ್ಲುವಳು, ಚೆನ್ನಮ್ಮ ಅದನ್ನು ಹೇಳುವರು, ದೇವೀರಿ ಮುಂದಕ್ಕೆ ಹೋಗುವಳು. ಚಿಕ್ಕ ಮಕ್ಕಳೆಲ್ಲ ಸ್ಲೇಟು ಕೆಳಗಿಟ್ಟು ಕೇಳುತ್ತಿದ್ದರು. ರೈತ ತನ್ನ ಜೋಡಿಯಲ್ಲಿ ಒಂದು ಎತ್ತನ್ನು ಹಿಂದಿನ ವರ್ಷ ಆ ಊರಿನವರಿಗೆ ಮಾರಿದ್ದನಂತೆ. ಕಾಣೆಯಾದ ಎತ್ತು ಹಳ್ಳ ದಾಟಿ ಹುಡುಕಿಕೊಂಡು ಹೋಗಿ, ಆ ಹಳೆಯ ಜೊತೆಗಾರನ ಪಕ್ಕದಲ್ಲಿ, ಅದೇ ಮೇವಿನ ಗೊಂತಿಗೆ ಮುಖ ಇಟ್ಟು ನಿಂತಿತ್ತು.

ಕೊನೆಯ ಸಾಲಿನಲ್ಲೂ ಆ ಹೆಸರಿತ್ತು. ದೇವೀರಿ ಅಲ್ಲಿಗೆ ಬಂದು ನಿಂತಳು. ಚೆನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ತುಸು ತಡವಾಯಿತು. ತರಗತಿಯೆಲ್ಲ ಕಾದಿತ್ತು. ಆಮೇಲೆ ಅವರು “ಬಸವಯ್ಯ” ಎಂದರು, ಪಾಠ ಮುಗಿಯಿತು.